ಸಾಕತ್ತೆ

ಹೊಸ ಸೊಸೆ, ಮನೆಮಂದಿಯ ಜೊತೆ ಮೊದಲ ಊಟ.
ಸೌಟು ಬಾಗುವ ಮೊದಲೇ ಅಂಗೈ ಅಡ್ಡ ಹಿಡಿದು
ಸಾಕು, ಸಾಕು ಎಂದಳಂತೆ.
ನಕ್ಕವನು ಬ್ಯಾಟ್ರಿ ಮಾವ
(ಹಗಲಲ್ಲೂ ಬ್ಯಾಟ್ರಿ ಹಿಡಿದು ತಿರುಗುತ್ತಿದ್ದ;
ಅವನಿಗೊಂದು ಹೆಸರಿದೆಯೆಂದು ನನಗೆ ತಿಳಿದದ್ದು
ಅವನ ಉತ್ತರಕ್ರಿಯೆಯ ಕಾಗದದಲ್ಲಿ).
ಅನ್ನದ ಹಬೆ ಆರುವಷ್ಟರಲ್ಲಿ
ಕೋಡಿಬಾಗದ ಆ ಮನೆಯ ಹಿರಿಯರಿಗೆಲ್ಲ ಅವಳು ಸಾಕು,
ಆಮೇಲೆ ಹುಟ್ಟಿದ ನಮಗೆ ಸಾಕತ್ತೆ.

ಬಳೆಗಾರ ಕೇಳಿದ್ದನಂತೆ:
ಎಷ್ಟನೇ ಹೆಣ್ಣು ತಂಗೀ ನೀನು,
ಅಪ್ಪ ಬೇಸತ್ತು ಇಟ್ಟನೋ ಈ ಹೆಸರು?
ಅವಳು ಕೈ ನೀಡಿ, ಹಸಿರು ಕೊಡು ಅಂದಳು,
ಒಂದು ಡಜನ್ ಸಾಕು.

ನನ್ನ ಲೆಕ್ಕ ಬೇರೆ.
ಅಮ್ಮ ಹಾಸಿಗೆ ಹಿಡಿದಿದ್ದ ಎರಡು ವರ್ಷ
ಹೇನು ಹೆಕ್ಕಿ, ಜಡೆ ಹೆಣೆದು,
ತಾರ್ಲೆಯ ಮುಳ್ಳು ಒಂದೊಂದೇ ಬಿಡಿಸಿ ಉಣಿಸಿದವಳು.
ಸಾಕಿದ ಅತ್ತೆ, ಸಾಕತ್ತೆ.
ಏಳು ವರ್ಷದವಳ ವ್ಯಾಕರಣ ಸರಿಯಾಗಿಯೇ ಇತ್ತು.

ಒಂದು ಭಾನುವಾರ, ಕಾರವಾರದ ಸಂತೆ.
ಹರಿವೆ ಕಟ್ಟು ಹಿಡಿದು ಚೌಕಾಸಿಗೆ ನಿಂತಿದ್ದಳು.
ಬೆನ್ನ ಹಿಂದೆ ಯಾರೋ:
"ಚಂದ್ರಭಾಗೀ! ಹೆಣ್ಣೇ, ನೀನೇ ಅಲ್ದೇನೆ?"
ನಾನು ತಿರುಗಲಿಲ್ಲ. ಆ ಹೆಸರಿನವರು ನಮ್ಮಲ್ಲಿಲ್ಲ.
ಹರಿವೆ ಕೆಳಗೆ ಬಿತ್ತು.
ಅವಳು ತಿರುಗಿದಾಗ ಇದ್ದ ಮುಖ
ನಮ್ಮ ಮನೆಯ ಯಾವ ಫೋಟೋದಲ್ಲೂ ಇಲ್ಲ.

ತವರಿನ ಶಾಲೆಯಲ್ಲಿ ಒಂದೇ ಮಣೆ ಹಂಚಿಕೊಂಡವಳಂತೆ.
ಆ ಊರು ಈಗ ನೌಕಾನೆಲೆಯ ಗೋಡೆಯಾಚೆ.
ಹೆಸರು ಗೊತ್ತಿದ್ದವರೆಲ್ಲ ಪರಿಹಾರದ ಕಾಗದ ಹಿಡಿದು
ಕೆಲವರು ತೋಡೂರಿಗೆ, ಕೆಲವರು ಹಾರವಾಡಕ್ಕೆ,
ಉಳಿದವರು ಎಲ್ಲಿಗೋ.
ಹೆಸರು ಮಾತ್ರ ಇವಳೊಬ್ಬಳ ಬಾಯಲ್ಲಿ
ಇಷ್ಟು ವರ್ಷ ಕೆಡದೆ ಉಳಿದಿತ್ತು,
ಉಪ್ಪಲ್ಲಿಟ್ಟ ಮಾವಿನ ಮಿಡಿಯ ಹಾಗೆ.

ಹೋಟೆಲಿನ ಬೆಂಚಿಗೆ ಎಳೆದೊಯ್ದು ಬನ್ಸ್ ಕೊಡಿಸಿದಳು.
ಇನ್ನೊಂದು ತಗೊಳೇ ಚಂದ್ರಭಾಗಿ.
ತಗೊಂಡಳು.
ಮತ್ತೊಂದು.
ಸಕ್ಕರೆ ಕರಗದ ಚಹಾ, ಯಾರದೋ ಒಡೆದ ಪಾಟಿಯ ಕತೆ,
ಇಬ್ಬರಿಗೂ ಕಣ್ಣೀರು ಬರುವಷ್ಟು ನಗು.
ಅತ್ತೆಯ ಅಂಗೈ ಮೇಜಿನ ಮೇಲೆ ಮಲಗಿಯೇ ಇತ್ತು.

ವಾಪಸು ಬರುವಾಗ ಟೆಂಪೋದಲ್ಲಿ ಮೆಲ್ಲನೆ ಕರೆದು ನೋಡಿದೆ:
ಚಂದ್ರಭಾಗತ್ತೇ.
ಚೀಲದಲ್ಲಿ ಚಿಲ್ಲರೆ ಹುಡುಕುತ್ತಲೇ ಅಂದಳು:
ಅದು ನಿನ್ನ ಬಾಯಿಗಲ್ಲ ಮಗಾ.

ರಾತ್ರಿ ನಾನೇ ಸೌಟು ಹಿಡಿದೆ.
ಅಂಗೈ ಅಡ್ಡ ಬಂತು.
ಸಾಕು, ಸಾಕು.
ಬ್ಯಾಟ್ರಿ ಮಾವ ಹಳೆಯ ನಗು ನಕ್ಕ,
ಇವಳದ್ದು ಯಾವಾಗಲೂ ಇಷ್ಟೇ ಎಂದ.
ಹೊಟ್ಟೆಯಲ್ಲಿ ಮೂರು ಬನ್ಸ್ ಇದ್ದದ್ದು
ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು.