ಹತ್ತು ಪಿನ್ನು

ಮಲ್ಪೆ ಧಕ್ಕೆಯ ಹಿಂದೆ ನನ್ನ ಲೇತು.
ಹಗಲೆಲ್ಲ ಮುಂಗೈ ದಪ್ಪದ ಶಾಫ್ಟುಗಳನ್ನು ಕೆರೆಯುತ್ತದೆ,
ಕಾಲ ಬುಡದಲ್ಲಿ ಸ್ಟೀಲಿನ ಸುರುಳಿ,
ಮೂಗಿನಲ್ಲಿ ಸುಟ್ಟ ಎಣ್ಣೆ, ಒಣಮೀನು.
ಸಂಜೆ ಆರಕ್ಕೆ ಜೆಸಿಂತಾ ಟೀಚರು ಬರುತ್ತಾರೆ
ಮೀನಿನ ಚೀಲದೊಳಗೆ ದೋಣಿ ಇಟ್ಟುಕೊಂಡು.
ಎರಡಡಿ ಉದ್ದ. ಬದಿಯಲ್ಲಿ ನೀಲಿ ಪೈಂಟಿನ ಹೆಸರು: ಬಂಗುಡೆ.
"ಪುನಃ ಹೋಯ್ತು ದೂಮಾ,"
ಒಂಬತ್ತನೇ ಕ್ಲಾಸಿನಲ್ಲಿ ನನ್ನ ಉತ್ತರಪತ್ರಿಕೆ
ಮೇಜಿನ ಮೇಲಿಡುತ್ತಿದ್ದ ಅದೇ ಸ್ವರದಲ್ಲಿ.

ಮುಚ್ಚಳ ತೆಗೆದೆ.
ಮೋಟಾರು ಸರಿ ಉಂಟು, ಪಂಖ ಸರಿ ಉಂಟು,
ನಡುವಿನ ಪ್ಲಾಸ್ಟಿಕ್ ಜಾಯಿಂಟು ಮಾತ್ರ
ಮಂಡೆ ಕಿತ್ತ ಸಿಗಡಿಯ ಹಾಗೆ.
ಸ್ಟೀಲಿನದ್ದೊಂದು ಕಡೆದು ಹಾಕಿದೆ.

ಮುಂದಿನ ಆದಿತ್ಯವಾರ ಶಾಫ್ಟು ಬಾಗಿತು.

ಮೂರು ಮಿಲಿಯನ್ನು ನಾಲ್ಕು ಮಾಡಿದೆ.
ಅದರ ಕೊಳವೆ ಬಿಚ್ಚಿದರೆ ಗ್ರೀಸೆಲ್ಲ ಒಣಗಿ ಹಿಕ್ಕೆ,
ಮಣ್ಣಪಳ್ಳದ ಕೆಂಪು ಕೆಸರು,
ಯಾರದೋ ಗಾಳದ ಒಂದು ಗೇಣು ತಂಗೂಸಿ,
ಬುಶ್ಶಿನ ತೂತು ಮೊಟ್ಟೆಯ ಹಾಗೆ ಸವೆದು ಉದ್ದ.
ಕಂಚಿನ ಬುಶ್ಶು ಕೂರಿಸಿದೆ, ಎಣ್ಣೆಗೆ ತೋಡು ಕೊಟ್ಟೆ,
ಬೆರಳಲ್ಲಿ ತಿರುಗಿಸಿದರೆ ನಿಲ್ಲಲು ಮರೆಯುವಷ್ಟು ನಯ.

ಆಗ ಪಂಖದ ಎಲೆ ಹಾರಿತು.

ಬೊಂಬಾಯಿಯಿಂದ ಹಿತ್ತಾಳೆ ಪಂಖ ಬಂತು,
ಅದರೊಟ್ಟಿಗೆ, ನಾನು ಹೇಳದೆಯೇ,
ಇನ್ನೂ ದೊಡ್ಡದೊಂದು ಮೋಟಾರು.
"ಸ್ಪೀಡು ಸಾಲದು ಮಾರಾಯ."
ಅರವತ್ತೆಂಟು ಪ್ರಾಯ. ಮೊಣಕಾಲಿಗೆ ಪಟ್ಟಿ.
ಎಡಗಿವಿ ಪೂರ್ತಿ ರಜೆಯಲ್ಲಿ.

ಮಣ್ಣಪಳ್ಳದಲ್ಲಿ ಆ ದಿನ ಬಂಗುಡೆ
ನೀರನ್ನು ಬಟ್ಟೆಯ ಹಾಗೆ ಹರಿಯುತ್ತಾ ಹೋಯಿತು.
ವಾಕಿಂಗಿನವರು ನಿಂತರು. ಮಕ್ಕಳು ಕಿರುಚಿದರು.
ನಟ್ಟನಡುವೆ ನೀರುಬಳ್ಳಿ ಸುತ್ತಿಕೊಂಡಿತು,
ಪಂಖ ನಿಂತಿತು, ನಾನು ಗಟ್ಟಿ ಮಾಡಿದ್ದೆಲ್ಲ ಗಟ್ಟಿಯಾಗಿಯೇ ಇತ್ತು,
ಮುಚ್ಚಳದ ಸಂದಿನಿಂದ ಹೊಗೆ
ಊದುಬತ್ತಿಯಷ್ಟು.

ಗಾಳಿ ಅದನ್ನು ದಡಕ್ಕೆ ತರಬೇಕು, ಬೇರೆ ದಾರಿ ಇಲ್ಲ.
ಕಲ್ಲುಬೆಂಚಿನಲ್ಲಿ ಕೂತು ಒಂದು ಗಂಟೆ
ಚರುಮುರಿ ತಿಂದೆವು.
"ಎಲ್ಲಿಯೂ ಮುರಿಯಲಿಕ್ಕೆ ಜಾಗ ಇರಲಿಲ್ಲ, ಅದಕ್ಕೇ ಸುಟ್ಟದ್ದು,"
ಎಂದರು ಟೀಚರು, ನೀರುಳ್ಳಿ ಹೆಕ್ಕಿ ಬದಿಗಿಡುತ್ತಾ.

ನನಗೆ ಅಪ್ಪನ ನಶ್ಯದ ಡಬ್ಬಿ ನೆನಪಾಯಿತು.
ನಾಡದೋಣಿಯ ಇಂಜಿನಿನ ಹತ್ತಿರ ಯಾವಾಗಲೂ ಇರುತ್ತಿತ್ತು,
ಮುಚ್ಚಳ ತೆಗೆದರೆ ನಾನು ಮೊದಲೇ ಸೀನುತ್ತಿದ್ದೆ.
ಒಳಗೆ ನಶ್ಯ ಇಲ್ಲ. ಹಿತ್ತಾಳೆ ಪಿನ್ನುಗಳು,
ಕಡ್ಡಿಯ ತುಂಡಿನಷ್ಟು ಉದ್ದ.
ಪಂಖಕ್ಕೆ ಬಲೆ ಸಿಕ್ಕಿದರೆ ಮೊದಲು ಇದು ಹೋಗಬೇಕು,
ಇಂಜಿನು ಉಳಿಯಬೇಕು, ಕತ್ತಲೆಯಲ್ಲಿ ಕೈ ತಡಕಿ
ಇನ್ನೊಂದು ಹಾಕಬೇಕು, ಮನೆಗೆ ಬರಬೇಕು.
ಮೂವತ್ತು ವರ್ಷದಿಂದ ಲೇತಿನ ಎದುರು ನಿಂತಿದ್ದೇನೆ,
ಇದು ನನಗೆ ಹೊಳೆಯಲಿಕ್ಕೆ
ಒಂದು ಮೋಟಾರು ಬೇಯಬೇಕಾಯಿತು.

ಆ ರಾತ್ರಿ ಹಿತ್ತಾಳೆ ತಂತಿ ಕಡಿದೆ, ಒಂದೂವರೆ ಮಿಲಿ.
ಸ್ಟೀಲು ಜಾಯಿಂಟಿಗೆ ಅಡ್ಡ ತೂತು ಕೊರೆದೆ.
ಎಂಥೆಂಥ ಬೋಟಿಗೆ ಶಾಫ್ಟು ಕೊಟ್ಟವನಿಗೆ ಕೈ ನಡುಗಿತು,
ಮುರಿಯಲಿಕ್ಕೆಂದೇ ಒಂದು ವಸ್ತು ಮಾಡಿ ಅಭ್ಯಾಸವಿಲ್ಲ.
ಎಷ್ಟು ಸಣ್ಣ? ಎಷ್ಟು ಬಡಕಲು?
ಮೂರು ಹಾಳಾಯಿತು. ಹತ್ತು ಆಯಿತು.

ಆದಿತ್ಯವಾರ. ಪೂಜೆ ಮುಗಿಸಿ, ಇಗರ್ಜಿಯ ಸೀರೆಯಲ್ಲೇ ಟೀಚರು
ರಿಮೋಟು ಹಿಡಿದು ನಿಂತರು.
ಅದೇ ಬಳ್ಳಿಯ ಹತ್ತಿರ
ಮೋಟಾರಿನ ಸ್ವರ ಒಮ್ಮೆಲೆ ಹಗುರಾಗಿ ಮೇಲಕ್ಕೆ ಹೋಯಿತು,
ದೋಣಿ ನಿಂತಿತು, ಹೊಗೆ ಇಲ್ಲ.
"ಮುರಿಯಿತು!" ಎಂದು ಕೂಗಿದರು
ಫಸ್ಟ್ ಕ್ಲಾಸು ಬಂದವರ ಹಾಗೆ.
ವಾಕಿಂಗಿನ ಒಬ್ಬರು ಪಾಪ ಎಂದರು.

ಗಾಳಿ ತಂದುಕೊಟ್ಟ ಮೇಲೆ ಮುಚ್ಚಳ ತೆಗೆದು ಕೈ ಚಾಚಿದೆ.
ವ್ಯಾನಿಟಿ ಬ್ಯಾಗಿನಿಂದ ಡಬ್ಬಿಯೊಂದು ಹೊರಗೆ ಬಂತು,
ಬೂದು ಬಣ್ಣ, ಒಳಗೆ ವೆಲ್ವೆಟ್ಟಿನ ಗುಳಿ,
ಕಳೆದ ವರ್ಷ ಡಾಕ್ಟರು ಬರೆದುಕೊಟ್ಟ
ಕಿವಿಯ ಮಿಶನಿನದ್ದು.
ಗುಳಿಯಲ್ಲಿ ಒಂಬತ್ತು ಪಿನ್ನು.

"ಟೀಚರ್, ಮಿಶನು ಎಲ್ಲಿ?" ಎಂದೆ.
ನಾನು ನಿಂತದ್ದು
ಅವರ ಎಡಗಡೆ.