ಶೀರ್ಷಿಕೆಯ ಕೆಳಗಿನ ಗೆರೆ

ಶೀರ್ಷಿಕೆಗೆ ಹದಿನೇಳು ಅಕ್ಷರ,
ಕೆಳಗಿನ ಗೆರೆಗೆ ಹದಿನೈದೇ ಚಿಹ್ನೆ.
ಯಾರೋ ಎಂದೋ ಹೆಸರು ತಿದ್ದಿ
ಗೆರೆ ಎಳೆಯುವುದು ಮರೆತು ಎದ್ದುಹೋಗಿದ್ದಾರೆ.
ಬಿಲ್ಡ್ ಮಾಡಿದಾಗಲೆಲ್ಲ ಅದೇ ತಕರಾರು:
ನಾನೂರ ಹನ್ನೆರಡನೇ ಸಾಲು, ಗೆರೆ ಗಿಡ್ಡ.

ಕೌಲ್ ಬಜಾರಿನಲ್ಲಿ ರಾತ್ರಿ ಹನ್ನೊಂದು.
ಗೋಡೆ ಮುಟ್ಟಿದರೆ ಹಗಲು ಇನ್ನೂ ಒಳಗಿದೆ.
ಅತ್ತೆ ಸುಂಕಲಮ್ಮ ನಡುಮನೆಯಲ್ಲಿ
ನಾಳೆ ಹೋಗಬೇಕಾದ ಜೀನ್ಸಿನ ದಾರ ಕತ್ತರಿಸುತ್ತ
ಮೊಣಕೈವರೆಗೂ ನೀಲಿ.
ಕಣ್ಣಿಟ್ಟು ನೋಡುವುದಿಲ್ಲ ಅವಳು.
ಸೀಮಿನ ಉದ್ದಕ್ಕೂ ಹೆಬ್ಬೆರಳು ಎಳೆಯುತ್ತಾಳೆ,
ಬಿಟ್ಟುಹೋದ ಹೊಲಿಗೆ ಬೆರಳಿಗೆ ಸಿಗುತ್ತದೆ.

ನನಗೆ ಆ ಬೆರಳಿಲ್ಲ.
ಒಂದು ಟ್ಯಾಬೂ ಎಂಟು ಸ್ಪೇಸೂ ಕಣ್ಣಿಗೆ ಒಂದೇ ಬಿಳುಪು.
ಕಾಣದ್ದನ್ನು ಕಾಣಿಸು ಎಂದು ಎಡಿಟರಿಗೆ ಹೇಳಿದೆ.
ಬಾಣ, ಚುಕ್ಕಿ, ಬಾಣ. ಖಾಲಿ ಅಂದುಕೊಂಡಲ್ಲೆಲ್ಲ
ಯಾರದೋ ಕೈ ಓಡಾಡಿದ ಗುರುತು.
ಪಟ್ಟಿಗೆ ಮುಂಚೆ ಒಂದು ಸಾಲು ಖಾಲಿ ಬಿಡದೆ
ನಾಲ್ಕು ಎಚ್ಚರಿಕೆಯ ಮಾತು ಒಂದರ ಮೈಮೇಲೊಂದು,
ಸಿಗ್ನಲ್ ಕೆಟ್ಟ ಮೋತಿ ಸರ್ಕಲ್ಲಿನಂತೆ.
ಮೂರನೆಯದು, ಗದ್ದಲದ ನಡುವೆ ಸಿಕ್ಕಿಕೊಂಡದ್ದು:
ಲಾಕ್ ಹಿಡಿದುಕೊಂಡು ನಿದ್ದೆ ಹೋಗಬಾರದು.

"ಮಷಿನ್ ರಿಪೇರಿ ಏನಲೇ?"
ಇಲ್ಲತ್ತಿ, ಮಷಿನ್ನಿನ ಪುಸ್ತಕ.
"ಅದನ್ನ ಮಷಿನ್ ಓದ್ತೈತೇನು?"
ಇಲ್ಲ. ಮನುಷ್ಯರು. ಅಪರೂಪಕ್ಕೆ.
"ರೊಕ್ಕ?"
ನಾನು ಸುಮ್ಮನಾದೆ.
ದಾರ ಕಚ್ಚಿ ಉಗುಳಿ ಅಂದಳು,
"ಗೆರಿ ಆದ್ರೂ ನೆಟ್ಟಗ ಎಳಿ."

ಎರಡು ಸಮಚಿಹ್ನೆ ಒತ್ತಿದೆ. ಒಂದು ಸಾಲು ಖಾಲಿ ಬಿಟ್ಟೆ.
ಒಟ್ಟು ಕೆಲಸ ಇಷ್ಟೇ; ವಿವರಣೆ ಬರೆಯಲು ಮುಕ್ಕಾಲು ಗಂಟೆ.
ತಿದ್ದಿದ್ದೇನೆ ಅನ್ನಕೂಡದು ಅಲ್ಲಿ,
ತಿದ್ದು ಅನ್ನಬೇಕು, ಅಪ್ಪಣೆ ಕೊಟ್ಟ ಹಾಗೆ.
ವಾಷಿಂಗ್ ಯೂನಿಟ್ಟಿನಲ್ಲಿ ಲೋಡಿನ ಲೆಕ್ಕ ಬರೆಯುವವನು,
ಚಹಾ ತರಲು ಸಹ ಯಾರಿಗೂ ಹೇಳದವನು,
ಬರೆದೆ: ಗೆರೆಯನ್ನು ಉದ್ದ ಮಾಡು.
ಕೆಳಗೆ, ನಿಯಮದ ಪ್ರಕಾರ, ಪೂರ್ತಿ ಹೆಸರು:
ಬಂಡಿಹಟ್ಟಿ ಹೊನ್ನೂರಸ್ವಾಮಿ.
ಹಾಜರಿ ಪುಸ್ತಕದಲ್ಲಿ ನಾನು ಬರೀ ಸ್ವಾಮಿ.

ಮತ್ತೆ ಬಿಲ್ಡ್ ಮಾಡಿದೆ.
ನಾನೂರ ಹನ್ನೆರಡರಲ್ಲಿ ಏನೂ ಹೇಳದೆ
ಪರದೆ ಮುಂದಕ್ಕೆ ಹೋಯಿತು.
ಐನೂರ ಮೂರರಲ್ಲಿ ಇನ್ನೊಂದು ತಕರಾರು.
ಅದು ನಾಳೆಗೆ.

ಅತ್ತೆ ಕತ್ತರಿ ಹಿಡಿದೇ ನಿದ್ದೆ ಹೋಗಿದ್ದಳು,
ಮಡಿಲಲ್ಲಿ ಅರ್ಧ ಮುಗಿದ ಕಾಲು.
ನೀಲಿ ಬೆರಳುಗಳನ್ನು
ಒಂದೊಂದಾಗಿ ಬಿಡಿಸಿದೆ.