ಬಾಳವ್ವನ ಳ

ಜಮಖಂಡಿ ಬಸ್ ಸ್ಟ್ಯಾಂಡಿನ ಎದುರು, ಚಾದಂಗಡಿ ಮಗ್ಗಲದ ಖೋಲಿ.
ಹದಿನೇಳು ವರ್ಷಾತು ನಾ ಇಲ್ಲಿ ಕಾರ್ಡು ಕಂಪೋಸ್ ಮಾಡಾಕತ್ತು.
ಲಗ್ನ, ತೊಟ್ಟಿಲ, ಅಂಗಡಿ ಉದ್ಘಾಟನೆ, ಶಿವಗಣಾರಾಧನೆ.
ಸತ್ತವರ ಕಾರ್ಡು ಮೂರು ತಾಸಿನಾಗ ಕೊಡಬೇಕು,
ಲಗ್ನದ್ದು ಮೂರು ವಾರ ತಿದ್ದತಾರ.

ಕಂಪ್ಯೂಟರಿನಾಗ ಇದ್ದದ್ದೆಲ್ಲಾ ಒಂದ ಸಿಡಿಯಿಂದ ಬಂದದ್ದು.
ಬೆಳಗಾವಿ ಖಡೇಬಜಾರದಾಗ ಅರವತ್ತು ರೂಪಾಯಿ.
ಮ್ಯಾಲೆ ಸ್ಕೆಚ್ ಪೆನ್ನಿನಾಗ ಬರದಿತ್ತು: ಎಲ್ಲಾ ಐತಿ.
ಖರೇನ, ಎಲ್ಲಾ ಇತ್ತು.
ರೊಕ್ಕ ಕೊಟ್ಟು ತರಬೇಕಂದ್ರ ಈ ಖೋಲಿಯ ಎರಡು ವರ್ಷದ ಬಾಡಿಗಿ.

ಕಳವು ಅಂತ ಅನಿಸಿದ್ದಿಲ್ಲಂದ್ರ ಸುಳ್ಳಾಕೈತಿ.
ಆದ್ರ ನನ್ನ ಕಡೆ ಮಾತಿದ್ದವು:
ಹೋರಿ ಕದ್ದರ ಗ್ವಾದಲಿ ಖಾಲಿ ಆಕೈತಿ,
ಇದರಾಗ ಯಾರ ಗ್ವಾದಲಿ ಖಾಲಿ ಆತು ಹೇಳ್ರಿ?
ಕೀಲಿ ಮುರದಾಂವ ನಾ ಅಲ್ಲ,
ಮುರದ ಬಾಗಲಾ ದೂಡಿ ಒಳಗ ಬಂದಾಂವ.
ಸಮುದ್ರದ ಆಚಿ ಕಂಪನಿಗೆ ಜಮಖಂಡಿ ಅಂದ್ರ
ನಕಾಶದಾಗ ನೊಣ ಕುಂತ ಜಾಗ.

ಒಮ್ಮೆ ಸುದ್ದಿ ಹಬ್ಬಿತ್ತು, ಹುಬ್ಬಳ್ಳಿಯಿಂದ ಜೀಪು ಹೊಂಟೈತಿ,
ಪೊಲೀಸರು, ವಕೀಲ, ಕಂಪನಿ ಮಂದಿ.
ಓಣಿಯ ಐದೂ ಅಂಗಡಿಯವರು ಶೆಟರ್ ಎಳಕೊಂಡು
ಕತ್ತಲದಾಗ ಕುಂತ್ವಿ. ಯುಪಿಎಸ್ ಕುಂಯ್ ಅಂತಿತ್ತು.
ಬಂದದ್ದು ಪೋಲಿಯೊ ಹನಿ ಹಾಕೂ ಜೀಪು.
ಶೆಟರ್ ಎತ್ತಿ ನಕ್ಕಿವಿ,
ನಗಬೇಕಾದ್ದಕ್ಕಿಂತ ಜೋರ.

ಮನ್ನೆ ಮಂಗಳವಾರ ಬನಹಟ್ಟಿಯಿಂದ ಒಬ್ಬರು ಬಂದ್ರು,
ಧೋತರ, ಕಣ್ಣಿಗೆ ದಪ್ಪ ಚಾಳೀಸು, ಗುರಪಾದ ಉಟಗಿ ಅಂತ.
ಅವ್ವ ಲಿಂಗೈಕ್ಯ ಆಗ್ಯಾಳ, ಎರಡನೂರು ಕಾರ್ಡು.
ಹೆಸರು ಹೇಳ್ರಿ ಅಂದೆ.
ಬಾಳವ್ವ.
ಘಟಪ್ರಭಾ ಫಾಂಟು ಒತ್ತಿ ಬಡದೆ. ಸಾವಿಗೂ ಲಗ್ನಕ್ಕೂ ಅದ ಹಾಕತೀನಿ,
ದುಂಡಗ, ಕಣ್ಣಿಗೆ ತಂಪು.

ಅವರು ಪರದೆದ ಹತ್ತಿರ ಬಾಗಿದ್ರು.
ಬೊಟ್ಟು ಳ ಮ್ಯಾಲೆ ಇಟ್ರು, ಮುಟ್ಟಲಿಲ್ಲ.
"ಈ ಬಾಲ ನೋಡ್ರಿ, ಕೆಳಗ ಹೋಗಿ ಮತ್ತ ಮ್ಯಾಲೆ ತಿರಗತೈತಿ.
ನಮ್ಮವ್ವಗ ಬರತಿದ್ದದ್ದು ಮೂರ ಅಕ್ಷರ,
ಸೊಸೈಟಿಯಾಗ ಸಹಿ ಮಾಡಾಕ ಕಲತದ್ದು.
ಳ ಬರಿಯೂಮುಂದ ಪೆನ್ನು ನಡಗಿ ಹಿಂಗ ಮ್ಯಾಲ ಏರತಿತ್ತು.
ನಾ ಸಾಲಿ ಮಾಸ್ತರಿಕಿ ಬಿಟ್ಟು ನಾಕು ವರ್ಷ ಕುಂತು
ಈ ಅಕ್ಷರ ಕೊರದೆ. ಇದು ಎಲ್ಲಿ ಸಿಕ್ತು ನಿಮಗ?"

"ಎಲ್ಲಾರ ಕಡೆನೂ ಐತ್ರಿ."
"ಎಲ್ಲಾರ ಕಡೆನೂ?"
ಮುಖದಾಗ ಏನಿತ್ತೋ, ಹಿಗ್ಗೋ ಸಂಕಟೋ,
ಇವತ್ತಿಗೂ ನನಗ ಬಗಿಹರದಿಲ್ಲ.
"ಹನ್ನೊಂದು ಮಂದಿ ಕೊಂಡಿದ್ರು," ಅಂದ್ರು,
"ಆಮ್ಯಾಲೆ ನಾ ಎಣಸೂದು ಬಿಟ್ಟೆ."

ಬಿಲ್ಲಿನಾಗ ಅರ್ಧಾ ಕಡಿಮಿ ಮಾಡಿದೆ. ಅವರು ತಿರುಗಿ ಪೂರ್ತಿ ಇಟ್ರು.
"ದುಡಿಕಿ ನಿಂದಲ್ಲೇನು, ದಸ್ತಗೀರಣ್ಣಾ."
ಚೌಕಾಸಿ ಇಲ್ಲದ ಗಿರಾಕಿ ಈ ಊರಾಗ ಅವರ ಮೊದಲು.

ಅವರು ಹೋದಮ್ಯಾಲೆ ಪ್ರೂಫ್ ಹಿಡಕೊಂಡು ಕುಂತೆ.
ಮಕ್ಕಳು, ಮೊಮ್ಮಕ್ಕಳು, ಹೆಣ್ಣುಮಕ್ಕಳು, ಅಳಿಯಂದಿರು,
ದುಃಖತಪ್ತ ಬಂಧುಗಳು...
ಒಂದ ಕಾರ್ಡಿನಾಗ ಹದಿನಾಕು ಸಲ ಮುದುಕಿಯ ಕೈ ನಡಗಿತ್ತು.
ಅದನ್ನ ಎರಡನೂರಕ್ಕ ಗುಣಸಿ, ಮುಂದ ಹೋಗಲಿಲ್ಲ.

ಕಾರ್ಡಿನ ಮ್ಯಾಲೆ ಅವರ ನಂಬರ್ ಇತ್ತು.
ರಾತ್ರಿ ಮೊಬೈಲಿನಾಗ ಹಾಕಿದೆ. ಎಷ್ಟಂತ ಬರಿಲಿ?
ಹೆಸರು ಸರಿ ಐತೋ ಇಲ್ಲೋ ಅಂತ ಮೊದಲ ಒಂದ ರೂಪಾಯಿ ಕಳಿಸಿದೆ.
ಮುಟ್ಟಿತು.
ಅತ್ಲಿಂದ ಒಂದ ಶಬ್ದ ಬಂತು: "ಯಾಕ?"
ಮೊಬೈಲಿನ ಪುಕ್ಕಟ ಅಕ್ಷರದಾಗ,
ಬಾಲ ಇಲ್ಲ, ನಡಗಿದ್ದಿಲ್ಲ.

ಉತ್ತರ ಬರಿಯಾಕತ್ತೀನಿ,
ಬರದು ಅಳಸಾಕತ್ತೀನಿ.